ಇಲ್ಲ, ಕೊರತೆ

ಸಂಜೆಯ ಕಾಫಿ ಕುಡಿದು ಮುಗಿಸಿದ ಮೇಲೆ ಖಾಲಿ ಲೋಟವನ್ನು ಹಿಡಿದು ಅತ್ತಿತ್ತ ಅಲ್ಲಾಡಿಸುವ ಅಭ್ಯಾಸವೊಂದು ನನಗೆ ಅಂಟಿಕೊಂಡಿದೆ. ಲೋಟ ಎಂದರೆ ನಮ್ಮ ಸ್ಟೀಲಿನ ಲೋಟವಲ್ಲ. ಹಿಡಿಯಿಲ್ಲದ, ಅಂಚಿಗೆ ಹಸಿರು ಗೆರೆಯಿರುವ, ಮಕ್ಕಳ ಅಡುಗೆಯಾಟದ ಸಾಮಾನಿನಷ್ಟೇ ಪುಟ್ಟದಾದ ಪಿಂಗಾಣಿ ಲೋಟ. ಇಲ್ಲಿ ಅದಕ್ಕೆ ಫಿಂಜಾನ್ ಎನ್ನುತ್ತಾರೆ. ಮೊನ್ನೆ ಪುಣೆಯಲ್ಲಿರುವ ಮಗಳ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡುತ್ತ ಹಾಗೆಯೇ ಅಲ್ಲಾಡಿಸಿಬಿಟ್ಟೆ. ಅವಳ ಕಣ್ಣು ಚುರುಕು. "ಅಮ್ಮ, ಅದೆಂಥದು? ಯಾರಿಗೆ ತೋರಿಸ್ಲಿಕ್ಕೆ?" ಎಂದು ಕೇಳಿದಳು. ಕೈ ಜೋಮು ಹಿಡಿದಿದೆ ಎಂದು ಸುಳ್ಳು ಹೇಳಿದೆ. ಅವಳು ಬಿಡುವವಳೇ? ವಿಟಮಿನ್ ಕೊರತೆ ಇರಬೇಕು, ನಾಳೆಯೇ ಡಾಕ್ಟರಿಗೆ ತೋರಿಸಬೇಕು ಎಂದು ಆಣೆ ಹಾಕಿಸಿಕೊಂಡಳು. ಒಂದು ಸುಳ್ಳಿಗೆ ಒಂದು ರಕ್ತಪರೀಕ್ಷೆ.

ನಿಜ ಏನೆಂದರೆ, ಒಮಾನಿನ ಮನೆಗಳಲ್ಲಿ ಅತಿಥಿ ಲೋಟವನ್ನು ಹಾಗೆ ಅಲ್ಲಾಡಿಸಿದರೆ "ಸಾಕು, ಇನ್ನು ಸುರಿಯಬೇಡಿ" ಎಂದರ್ಥ. ಊಟದೆಲೆಗೆ ನಾವು ಕೈ ಅಡ್ಡ ಹಿಡಿಯುವುದಿಲ್ಲವೇ, ಹಾಗೆ. ಸುರಿಯುವವರು ಎದುರಿಗಿದ್ದರೆ ಅದು ಮರ್ಯಾದೆ. ನನ್ನ ಎದುರಿಗೆ ಇರುವುದು ಫ್ರಿಜ್ಜು. ಸುರಿಯುವವಳೂ ನಾನೇ, ಕುಡಿಯುವವಳೂ ನಾನೇ, ಸಾಕು ಎನ್ನುವವಳೂ ನಾನೇ. ಮಗಳು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ.

ನಾನಿರುವುದು ಸೂರ್ ಎಂಬ ಊರಿನಲ್ಲಿ. ಮೀನು ಹಿಡಿಯುವವರ, ಮರದ ಹಡಗು ಕಟ್ಟುವವರ ಹಳೆಯ ಊರು. ಪಕ್ಕದಲ್ಲಿ ಗ್ಯಾಸ್ ಪ್ಲಾಂಟ್ ಬಂದ ಮೇಲೆ ನಮ್ಮಂಥವರೂ ಬಂದು ಸೇರಿಕೊಂಡೆವು. ನನ್ನ ಹುಟ್ಟೂರು ಕಾಪು. ಅಲ್ಲಿನ ಸಮುದ್ರ, ಇಲ್ಲಿನ ಸಮುದ್ರ ಎರಡೂ ಒಂದೇ. ಆದರೆ ಕಾಪುವಿನಲ್ಲಿ ಸೂರ್ಯ ಮುಳುಗುವುದನ್ನು ನೋಡಿ ಬೆಳೆದವಳು ಇಲ್ಲಿ ಅದೇ ನೀರಿನಿಂದ ಏಳುವುದನ್ನು ನೋಡುತ್ತೇನೆ. "ನಮ್ಮವರು ಮುಳುಗಿಸಿದ್ದನ್ನು ಇವರು ಹೆಕ್ಕಿ, ತೊಳೆದು, ಬೆಳಿಗ್ಗೆ ಎಬ್ಬಿಸ್ತಾರೆ ನೋಡು" ಎಂದು ನಮ್ಮ ಮನೆಯವರು ತಮಾಷೆ ಮಾಡುತ್ತಿದ್ದರು. ಅವರಿಗೆ ವರ್ಕ್‌ಶಾಪಿನಲ್ಲಿ ಕೆಲಸ. ನನಗೆ ಇಲ್ಲಿನ ಒಂದು ಇಂಡಿಯನ್ ಶಾಲೆಯಲ್ಲಿ ಕೆ.ಜಿ. ಮಕ್ಕಳಿಗೆ ಪಾಠ ಹೇಳುವ ಕೆಲಸ.

ಕೆ.ಜಿ. ಟೀಚರ್ ಎಂದರೆ ಏನೆಂದುಕೊಂಡಿದ್ದೀರಿ? ಅಕ್ಷರ ಕಲಿಸುವುದು ಆಮೇಲೆ. ಮೊದಲು ಕಲಿಸುವುದು ಪ್ಲೀಸ್, ಥ್ಯಾಂಕ್ಯೂ, ಸಾರಿ. ರಬ್ಬರ್ ಕೊಟ್ಟರೆ ಥ್ಯಾಂಕ್ಯೂ, ನೀರಿನ ಬಾಟಲಿ ತೆರೆದುಕೊಟ್ಟರೆ ಥ್ಯಾಂಕ್ಯೂ. ಒಮ್ಮೆ ಒಬ್ಬಳು ಪಕ್ಕದವಳ ಇಡ್ಲಿಗೆ ಆಟದ ಮಣ್ಣು ಮೆತ್ತಿದ್ದಳು. ಕಣ್ಣು ಕೆಂಪಗೆ ಮಾಡಿ ನಾನು ಬೈದು ಮುಗಿಸುವವರೆಗೂ ಕೈ ಕಟ್ಟಿ ನಿಂತಿದ್ದವಳು, ಕೊನೆಗೆ ರಾಗವಾಗಿ "ಥ್ಯಾಂಕ್ಯೂ ಮಿಸ್" ಎಂದಳು. ನನ್ನ ಪಾಠ ಎಷ್ಟು ಚೆನ್ನಾಗಿ ನಾಟಿದೆ ಎಂದು ಅವತ್ತು ಗೊತ್ತಾಯಿತು.

ನಾನಾದರೂ ಆ ಮಾತನ್ನು ಕಲಿತದ್ದು ಟೀಚರ್ಸ್ ಟ್ರೇನಿಂಗಿನಲ್ಲಿ. ರಜೆಗೆ ಮನೆಗೆ ಬಂದಾಗ ಅಮ್ಮ ಗಂಜಿಗೆ ಚಟ್ನಿ ಬಡಿಸಿದರು. ಕಲಿತದ್ದನ್ನು ತೋರಿಸಬೇಕಲ್ಲ, "ಥ್ಯಾಂಕ್ಸ್ ಅಮ್ಮ" ಎಂದೆ. ಅಮ್ಮ ಹಣೆ ಮುಟ್ಟಿ ನೋಡಿದರು, ಜ್ವರವೋ ಏನೋ ಎಂದು. ಒಳಗಿನಿಂದ ಅಜ್ಜಿ, "ಇವಳು ಇವತ್ತೇ ಹೊರಟಳಾ?" ಎಂದು ಕೇಳಿದರು. ಅವರ ಲೆಕ್ಕದಲ್ಲಿ ಮನೆಯವರಿಗೆ ಉಪಕಾರ ಹೇಳುವುದೆಂದರೆ ಹೊರಗಿನವಳಾಗುವುದು. ನಮ್ಮ ತುಳುವಿನಲ್ಲಿ ಆ ಮಾತಿಗೆ ಪದವಿಲ್ಲವೆಂದಲ್ಲ, ಮೈಕಿನ ಮುಂದೆ ನಿಂತರೆ ಎಲ್ಲರೂ ಸೊಲ್ಮೆಲು ಎನ್ನುತ್ತೇವೆ. ಅಡುಗೆಮನೆಯಲ್ಲಿ ನಿಂತು ಅಂದವರನ್ನು ನಾನಂತೂ ಕಂಡಿಲ್ಲ.

ಹಾಗೆಂದು ಅಜ್ಜಿಗೆ ಕೃತಜ್ಞತೆ ಇರಲಿಲ್ಲವೇ? ಅವರದು ಬೇರೆಯೇ ಶಾಸ್ತ್ರ. ಯಾರದಾದರೂ ಮನೆಯಲ್ಲಿ ಉಂಡು ಬಂದರೆ ದಾರಿಯುದ್ದಕ್ಕೂ ವಿಮರ್ಶೆ ನಡೆಯುತ್ತಿತ್ತು. ಸಾರಿಗೆ ಹುಳಿ ಮುಂದಾಗಿತ್ತು, ಪಾಯಸಕ್ಕೆ ಏಲಕ್ಕಿ ಸಾಲದು, ಹಪ್ಪಳ ಮೆತ್ತಗಾಗಿತ್ತು. ಯಾವ ಐಟಮ್ಮೂ ಅವರ ಬಾಯಿಂದ ಪಾರಾಗುತ್ತಿರಲಿಲ್ಲ. ಆದರೆ ನಮ್ಮ ಗೇಟು ಬಂತು ಎನ್ನುವಾಗ ನಿಂತು, ಸೆರಗು ಸರಿಮಾಡಿಕೊಂಡು, ಬಂದ ದಾರಿಯತ್ತ ತಿರುಗಿ ಒಂದು ಮಾತು ಹೇಳುತ್ತಿದ್ದರು: "ದಾಲಾ ಕಮ್ಮಿ ಮಲ್ತ್‌ಜೆರ್." ಅವರು ಏನೂ ಕಡಿಮೆ ಮಾಡಲಿಲ್ಲ. ಆ ಮಾತು ಆಡಿದ ಮೇಲೆ ಹಪ್ಪಳದ ಸುದ್ದಿ ಮತ್ತೆ ಬರುತ್ತಿರಲಿಲ್ಲ.

ಒಮ್ಮೆ ಬಾಣಂತಿಯನ್ನು ನೋಡಲು ಒಂದು ಮನೆಗೆ ಹೋಗಿದ್ದೆವು. ಅವರಲ್ಲಿ ನಮಗೆ ಸಿಕ್ಕಿದ್ದು ಗಂಜಿ, ಒಂದೊಂದು ಮಾವಿನ ಮಿಡಿ. ಅಷ್ಟೇ. ಗೇಟಿನ ಹತ್ತಿರ ಬಂದಾಗ ಅಜ್ಜಿ ಅದೇ ಮಾತು ಹೇಳಿದರು. ನಾನು ಚಿಕ್ಕವಳು, ಹಸಿದವಳು, ಬಾಯಿ ಬೇರೆ ಉದ್ದ. ಕಡಿಮೆ ಮಾಡಲಿಲ್ಲ ಎಂದರೆ ಹೇಗೆ, ಇದ್ದದ್ದೇ ಗಂಜಿಯಲ್ಲವಾ ಎಂದು ಕೇಳಿದೆ. ಅಜ್ಜಿ ತಲೆಗೆ ಮೊಟಕಿ, "ಅವರಲ್ಲಿ ಇದ್ದದ್ದರಲ್ಲಿ ಕಡಿಮೆ ಮಾಡಿದ್ರಾ?" ಎಂದರು. ಮೊಟಕಿದ್ದು ನೆನಪಿನಲ್ಲಿ ಉಳಿಯಿತು, ಮಾತು ಎಲ್ಲಿಯೋ ಕೆಳಗೆ ಹೋಗಿ ಕುಳಿತಿತು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಕೆಲಸಕ್ಕೆ ಹೋದ ನಮ್ಮ ಮನೆಯವರು ಹಿಂದಕ್ಕೆ ಬರಲಿಲ್ಲ. ಎದೆನೋವು ಅಂತೆ, ವರ್ಕ್‌ಶಾಪಿನಲ್ಲೇ ಅಂತೆ. ಊರಿಗೆ ಕರೆದುಕೊಂಡು ಹೋಗಿ ಎಲ್ಲ ಕಾರ್ಯ ಮುಗಿಸಿದೆವು. ಶಾಲೆ ಸುರುವಾಗುವಾಗ ನಾನು ಒಬ್ಬಳೇ ಸೂರಿಗೆ ವಾಪಸ್ಸು ಬಂದೆ. ಯಾಕೆ ಬಂದೆ ಎಂದು ಎಲ್ಲರೂ ಕೇಳಿದರು. ಮಗಳಿಗೆ ಪುಣೆಯಲ್ಲಿ ಅವಳದೇ ಸಂಸಾರ. ಕಾಪುವಿನಲ್ಲೇ ಇರುವ ಗಂಡನ ಮನೆ ಈಗ ಮೈದುನನದು. ನನ್ನದು ಎಂದು ಇದ್ದದ್ದು ಈ ಎರಡು ಕೋಣೆ, ಮೂಗು ಸುರಿಸುವ ಆ ಮಕ್ಕಳು. ಶಾಲೆಯಲ್ಲಿ ಬಾಯಿ ಒಣಗುವಷ್ಟು ಮಾತು. ಮನೆಯ ಬೀಗ ತೆಗೆದ ಮೇಲೆ ನನ್ನ ದನಿ ನನಗೆ ಕೇಳಬೇಕಾದರೆ ನಾನೇ ಕೆಮ್ಮಬೇಕು.

ಬಂದ ದಿನ ಸಂಜೆ ಯಾರೋ ಬಾಗಿಲು ತಟ್ಟಿದರು. ಪಕ್ಕದ ಮನೆಯ ಒಮಾನಿ ಅಜ್ಜಿ, ಉಮ್ ಸಾಲಿಂ. ಹಾಗೆಂದರೆ ಸಾಲಿಮನ ಅಮ್ಮ ಎಂದು ಅರ್ಥ. ಅವರ ಸ್ವಂತ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ವರ್ಷ ನಮ್ಮ ನಡುವೆ ಸಲಾಂ ಬಿಟ್ಟರೆ ಬೇರೆ ಮಾತು ಇರಲಿಲ್ಲ. ಅವತ್ತು ಒಂದು ಕೈಯಲ್ಲಿ ಫ್ಲಾಸ್ಕು, ಇನ್ನೊಂದರಲ್ಲಿ ಖರ್ಜೂರದ ತಟ್ಟೆ, ಅದರ ಮೇಲೆ ಎರಡು ಫಿಂಜಾನ್. ಒಳಗೆ ಬಂದರು, ಚಾಪೆಯ ಮೇಲೆ ಕೂತರು, ಸುರಿದರು. ಅವರ ಕಾಫಿಗೆ ಹಾಲಿಲ್ಲ, ಸಕ್ಕರೆಯಿಲ್ಲ. ಏಲಕ್ಕಿ ಹಾಕಿದ ಕಷಾಯ ಎಂದುಕೊಳ್ಳಿ. ಕುಡಿದೆ. ಮತ್ತೆ ಸುರಿದರು. ಬೇಡ ಎನ್ನುವುದು ಹೇಗೆ? ದುಃಖದ ಮನೆಗೆ ಬಂದವರು, ಇದು ಇವರ ಕ್ರಮ ಇರಬೇಕು ಎಂದು ಮತ್ತೆ ಕುಡಿದೆ. ನಾನು ಖಾಲಿ ಮಾಡಿದಷ್ಟೂ ಅವರು ತುಂಬಿಸಿದರು. ಅವತ್ತು ರಾತ್ರಿ ರೆಪ್ಪೆ ಮುಚ್ಚಲಿಲ್ಲ. ದುಃಖಕ್ಕೆ ಎಷ್ಟು, ಕಾಫಿಗೆ ಎಷ್ಟು ಎಂದು ಗೊತ್ತಿಲ್ಲ.

ಮರುದಿನವೂ ಬಂದರು. ಅದರ ಮರುದಿನವೂ. ಮಾತಿಲ್ಲ, ಕತೆಯಿಲ್ಲ. ಸಂಜೆಯ ನಮಾಜು ಮುಗಿಸಿ ಬರುವುದು, ನನ್ನ ಎದುರು ಕೂರುವುದು, ಸುರಿಯುವುದು, ಕತ್ತಲಾದಾಗ ಎದ್ದು ಹೋಗುವುದು. ಒಂದು ಸಂಜೆ ನನ್ನ ಮುಖ ನೋಡಿ ಅವರಿಗೇನನ್ನಿಸಿತೋ, ಫ್ಲಾಸ್ಕು ಕೆಳಗಿಟ್ಟು, ಲೋಟ ಹಿಡಿದಿದ್ದ ನನ್ನ ಮಣಿಕಟ್ಟನ್ನು ಹಿಡಿದು ಅತ್ತಿತ್ತ ಅಲ್ಲಾಡಿಸಿ, "ಬಸ್" ಎಂದರು. ಆಗ ತಿಳಿಯಿತು. ಇಷ್ಟು ದಿನ ನಾನು ಸುಮ್ಮನೆ ಲೋಟ ಮುಂದೆ ಹಿಡಿದಿದ್ದೆ. ಇನ್ನೂ ಬೇಕು ಎನ್ನುತ್ತಿದ್ದಾಳೆ ಎಂದು ಅವರು ಸುರಿಯುತ್ತಲೇ ಇದ್ದರು. ನನ್ನ ದೆಸೆಯಿಂದ ಎಷ್ಟು ಏಲಕ್ಕಿ ಖರ್ಚಾಯಿತೋ. ನಗು ಬಂತು. ನಮ್ಮ ಮನೆಯವರು ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು, ಮತ್ತು ನಗುತ್ತಲೇ ಅಳು ಬಂತು. ಉಮ್ ಸಾಲಿಂ ಮಣಿಕಟ್ಟು ಬಿಡಲಿಲ್ಲ.

ಇಂಥವರಿಗೆ ಏನು ಹೇಳುವುದು? ಅರಬಿಯಲ್ಲಿ ಥ್ಯಾಂಕ್ಯೂಗೆ ಶುಕ್ರನ್ ಇದೆ, ಆದರೆ ಅದು ನಾನು ಟ್ಯಾಕ್ಸಿಯವನಿಗೆ ಹೇಳುವ ಮಾತು. ಹಾಗಾಗಿ ನಮ್ಮ ಕಡೆಯ ಹೆಂಗಸರು ಮಾಡುವುದನ್ನೇ ಮಾಡಿದೆ, ಒಲೆ ಹಚ್ಚಿದೆ. ನೀರುದೋಸೆ, ಕಾಯಿಬೆಲ್ಲ ತಟ್ಟೆಯಲ್ಲಿ ಮುಚ್ಚಿಕೊಂಡು ಹೋಗಿ ಕೊಟ್ಟೆ. ಉಮ್ ಸಾಲಿಂ ಒಂದು ಚೂರು ಬಾಯಿಗೆ ಹಾಕಿ, ಕೈಯನ್ನು ಎದೆಯ ಮೇಲಿಟ್ಟು ಹೇಳಿದರು: "ಮಾ ಕಸ್ಸರ್ತಿ."

ನನ್ನ ಅರಬಿ ಅಂಗಡಿಯ ಅರಬಿ. ಮಾ ಫೀ ಎಂದರೆ ಇಲ್ಲ, ಮಾಲು ಬಂದಿಲ್ಲ. ಹಾಗಾದರೆ ಮಾ ಎಂದರೆ ಇಲ್ಲ. ಇನ್ನು ಕಸರ್ ಗೊತ್ತಿಲ್ಲದ್ದೇ? ಸ್ಟಾಫ್ ರೂಮಿನ ಹಿಂದಿಯಲ್ಲಿ ದಿನಾ ಕೇಳುವ ಕಸರ್, ನಮ್ಮ ಕನ್ನಡದ ಕಸರು. ಕೊರತೆ. ಎರಡನ್ನೂ ಜೋಡಿಸಿದೆ: ಇಲ್ಲಮ್ಮ, ಕೊರತೆಯಾಯಿತು. ನನ್ನ ಮುಖ ಸಣ್ಣದಾಯಿತು. ಉಪ್ಪು ಸಾಲದೆ ಹೋಯಿತೋ, ಜೊತೆಗೆ ಮೀನಿನ ಸಾರು ಕೊಡಬೇಕಿತ್ತೋ?

ಮುಂದಿನ ವಾರ ಬನ್ಸ್ ಮಾಡಿದೆ, ಜೊತೆಗೆ ಮೀನಿನ ಸಾರು. ಉಮ್ ಸಾಲಿಂ ತಟ್ಟೆ ನೋಡಿ, ನನ್ನನ್ನು ನೋಡಿ, ಮತ್ತೂ ಒತ್ತಿ ಅದೇ ಮಾತು ಹೇಳಿದರು. ಇನ್ನೊಂದು ವಾರ ಗೋಳಿಬಜೆ, ಕೋಳಿಸುಕ್ಕ, ಹೆಸರುಬೇಳೆ ಪಾಯಸ. ಅಷ್ಟನ್ನೂ ಹೊತ್ತುಕೊಂಡು ಹೋದಾಗ ಅವರು ಎರಡೂ ಕೈಯನ್ನು ಎದೆಗೆ ಒತ್ತಿಕೊಂಡರು. ಕಣ್ಣಿನಲ್ಲಿ ನೀರು. "ವಲ್ಲಾಹಿ, ಮಾ ಕಸ್ಸರ್ತಿ" ಎಂದರು. ದೇವರಾಣೆಗೂ ಕೊರತೆ! ಮನೆಗೆ ಬಂದು ಖಾಲಿ ಬಾಣಲೆಯ ಎದುರು ಕೂತು ತುಳುವಿನಲ್ಲಿ ಚೆನ್ನಾಗಿ ಬೈದೆ. ಈ ಮುದುಕಿಗೆ ಪೂರ್ತಿ ಒಂದು ಮದುವೆಯ ಊಟ ಬಡಿಸಿದರೂ ತೃಪ್ತಿಯಿಲ್ಲ, ನಾನಿನ್ನು ತಲೆ ಹಾಕಿದರೆ ಕೇಳಿ ಎಂದು.

ಸಿಟ್ಟು ಹೊರಗಿನದು. ಒಳಗಿನದನ್ನು ನಿಮ್ಮಲ್ಲಿ ಹೇಳಬಹುದು. ಗಂಡ ಹೋದಾಗಿನಿಂದ ನನ್ನ ಕಿವಿಯಲ್ಲಿ ಒಂದು ದನಿ "ಕಡಿಮೆಯಾಯಿತು, ಕಡಿಮೆಯಾಯಿತು" ಎನ್ನುತ್ತಲೇ ಇತ್ತು. ಒಂದು ದಿನ ಹೆಚ್ಚು ಮಾತಾಡಬೇಕಿತ್ತು, ಒಂದು ದಿನ ಸಮುದ್ರದ ಬದಿಗೆ ಅವರ ಜೊತೆ ಹೋಗಬೇಕಿತ್ತು. ಯಾವುದೆಂದು ಬೆರಳಿಟ್ಟು ಹೇಳಲಾಗದ ಕೊರತೆ. ಈಗ ಎದುರಿಗೆ ಕೂತು ಅದನ್ನೇ ಗಟ್ಟಿಯಾಗಿ ಹೇಳುವವರು ಒಬ್ಬರು ಸಿಕ್ಕಿದ್ದರು. ನಾನು ಶಾಲೆಯಿಂದ ತಡವಾಗಿ ಬರತೊಡಗಿದೆ. ಸಂಜೆ ಬಾಗಿಲು ತಟ್ಟಿದ ಸದ್ದು ಕೇಳಿದರೆ ಸ್ನಾನದ ಮನೆಯ ನಲ್ಲಿ ಬಿಡುತ್ತಿದ್ದೆ. ಕೆಲವು ದಿನ ಕಳೆದ ಮೇಲೆ ತಟ್ಟುವ ಸದ್ದೂ ನಿಂತಿತು. ಹೋ, ಆಗ ಗೊತ್ತಾಯಿತು ನೋಡಿ, ಮನೆ ಎಷ್ಟು ಖಾಲಿ ಎಂದು.

ನಮ್ಮ ಓಣಿಯ ತುದಿಯಲ್ಲಿ ದಿನಸಿ ಅಂಗಡಿ ಇಟ್ಟಿರುವವರು ಬಂಟ್ವಾಳ ಕಡೆಯ ಬ್ಯಾರಿ ಗಂಡ ಹೆಂಡತಿ. ಹೆಂಡತಿ ಝೊಹರಾ ಇಲ್ಲೇ ಹುಟ್ಟಿ ಬೆಳೆದವಳು, ಅರಬಿ ಅವಳಿಗೆ ನೀರು ಕುಡಿದಂತೆ. ಅವಳ ಮಗಳು ಆಗ ನನ್ನ ಕ್ಲಾಸಿನಲ್ಲಿದ್ದಳು. ಒಂದು ದಿನ ಮಗುವನ್ನು ಕರೆದುಕೊಂಡು ಹೋಗಲು ಬಂದವಳು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿದಳು.

"ಟೀಚರಕ್ಕ, ನೀವು ಉಮ್ ಸಾಲಿಂ ಹತ್ರ ಮಾತು ಬಿಟ್ಟದ್ದಾ? ಅಂಗಡಿಗೆ ಬಂದಾಗೆಲ್ಲ ಕೇಳ್ತಾರೆ, ಟೀಚರಿಗೆ ನನ್ನಿಂದ ಏನು ಬೇಜಾರಾಯ್ತು ಅಂತ. ಈ ಶುಕ್ರವಾರ ಮಗ ಬಂದು ಮಸ್ಕತ್ತಿಗೆ ಕರ್ಕೊಂಡು ಹೋಗ್ತಾನಂತೆ. ಖಲಾಸ್, ಇನ್ನು ಇಲ್ಲಿಗೆ ಬರುದಿಲ್ಲ."

ನನ್ನ ಮನಸ್ಸು ಶುಕ್ರವಾರಕ್ಕೆ ಉಳಿದ ದಿನಗಳನ್ನು ಎಣಿಸಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ. ಬೇಜಾರಾದದ್ದು ಅವರಿಗೆ, ನಾನು ಏನು ಮಾಡಿಕೊಟ್ಟರೂ ಕೊರತೆ ಹೇಳಿದವರು ಅವರು ಎಂದು ನೀರುದೋಸೆಯಿಂದ ಹಿಡಿದು ಪಾಯಸದವರೆಗೆ ಎಲ್ಲವನ್ನೂ ಕಕ್ಕಿದೆ. ಝೊಹರಾ ಹುಬ್ಬು ಗಂಟಿಕ್ಕಿ, ಅವರು ಹೇಳಿದ ಮಾತನ್ನು ಹಾಗೆಯೇ ಹೇಳಿ ಎಂದಳು. ಹೇಳಿದೆ. ಅವಳು ದುಪಟ್ಟಾವನ್ನು ಬಾಯಿಗೆ ಒತ್ತಿ ಗೇಟಿಗೆ ಒರಗಿ ನಕ್ಕಳು. ಅವಳ ಮಗುವೂ ಏನೆಂದು ತಿಳಿಯದೆ ನಕ್ಕಿತು. ನಕ್ಕು ಮುಗಿದ ಮೇಲೆ ನನ್ನ ಮುಖ ನೋಡಿ ಮೆತ್ತಗಾದಳು.

"ಇಲ್ಲ ಅಂದದ್ದು ನಿಮಗಲ್ಲ ಟೀಚರಕ್ಕ, ಕೊರತೆಗೆ. ಅವರ ಭಾಷೆಯಲ್ಲಿ ಇಲ್ಲ ಮೊದಲು ಬರ್ತದೆ, ನಮ್ಮದರಲ್ಲಿ ಕಡೆಗೆ. ನೀನು ಏನೂ ಕಡಿಮೆ ಮಾಡ್ಲಿಲ್ಲ ಅಂತ ಹೇಳ್ತಾ ಇದ್ದದ್ದು ಅವರು. ಇಲ್ಲಿಯವರಿಗೆ ಶುಕ್ರನ್‌ಗಿಂತ ದೊಡ್ಡ ಮಾತು ಅದು."

ಎರಡು ಪದ. ಎರಡರ ಅರ್ಥವೂ ನನಗೆ ಸರಿಯಾಗಿಯೇ ಗೊತ್ತಿತ್ತು. "ಕೊರತೆ ಇಲ್ಲ" ಎಂಬುದನ್ನು "ಇಲ್ಲ, ಕೊರತೆ" ಎಂದು ಕೇಳಿಸಿಕೊಂಡು ಕೂತಿದ್ದೆ. ಎದೆಯ ಮೇಲೆ ಕೈಯಿಟ್ಟು, ಕಣ್ಣಿನಲ್ಲಿ ನೀರು ತಂದುಕೊಂಡು ಯಾರಾದರೂ ಉಪ್ಪು ಸಾಲದು ಎನ್ನುತ್ತಾರೆಯೇ? ನಮ್ಮಜ್ಜಿ ಗೇಟಿನ ಹತ್ತಿರ ನಿಂತು ಹೇಳುತ್ತಿದ್ದ ಮಾತನ್ನೇ ಆ ಅಜ್ಜಿ ನನ್ನ ಮುಖಕ್ಕೆ ಹೇಳಿದ್ದರು, ಮತ್ತೆ ಮತ್ತೆ ಹೇಳಿದ್ದರು. ಇಡೀ ಸೂರಿನಲ್ಲಿ ಆ ಮಾತು ಅರ್ಥವಾಗಬೇಕಾದವಳು ನಾನೇ ಆಗಿದ್ದೆ.

ಶುಕ್ರವಾರ ಬೆಳಿಗ್ಗೆ ಪಕ್ಕದ ಮನೆಯ ಎದುರು ಕಾರು ನಿಂತಿತ್ತು. ಸಾಲಿಂ ಡಿಕ್ಕಿಗೆ ಕಂಬಳಿ, ಪಾತ್ರೆ ತುಂಬಿಸುತ್ತಿದ್ದ. ಉಮ್ ಸಾಲಿಂ ಆಗಲೇ ಹಿಂದಿನ ಸೀಟಿನಲ್ಲಿ ಕೂತಿದ್ದರು. ಅವತ್ತು ನಾನು ಏನೂ ಅಡುಗೆ ಮಾಡಲಿಲ್ಲ, ಬರಿಗೈಯಲ್ಲಿ ಹೋದೆ. ಝೊಹರಾ ಹೇಳಿಕೊಟ್ಟದ್ದನ್ನು ರಾತ್ರಿಯೆಲ್ಲ ಉರು ಹೊಡೆದಿದ್ದೆ, ನನ್ನ ಕೆ.ಜಿ. ಮಕ್ಕಳ ಹಾಗೆ. ಕಿಟಕಿಯ ಹತ್ತಿರ ಬಗ್ಗಿ, ಎದೆಯ ಮೇಲೆ ಕೈಯಿಟ್ಟು, "ಇಂತಿ ಮಾ ಕಸ್ಸರ್ತಿ" ಎಂದೆ. ನೀವು ಏನೂ ಕಡಿಮೆ ಮಾಡಲಿಲ್ಲ. ಅವರಿಗೆ ಕಿವಿ ಸ್ವಲ್ಪ ಮಂದ, ಇನ್ನೊಮ್ಮೆ ಹೇಳು ಎಂದು ಕೈ ಮಾಡಿದರು. ಇನ್ನೊಮ್ಮೆ ಹೇಳಹೊರಟೆ. ಅರಬಿ ಸಾಲದೆ ಬಂತು, ತುಳುವಿನಲ್ಲೇ ಹೇಳಿದೆ: "ಈರ್ ದಾಲಾ ಕಮ್ಮಿ ಮಲ್ತ್‌ಜರ್."

ಅವರಿಗೆ ತುಳು ಎಲ್ಲಿ ಬರಬೇಕು? ಆದರೂ ತಲೆಯಾಡಿಸಿದರು. ನನ್ನ ಕೈ ಹಿಡಿದು ಅವರ ಭಾಷೆಯಲ್ಲಿ, ನೀನೂ ಮಾಡಲಿಲ್ಲ ಎಂದರು. ಅಷ್ಟು ನನಗೆ ಅರ್ಥವಾಯಿತು. ಆಮೇಲೆ ಮಡಿಲಿನಲ್ಲಿದ್ದ ಚೀಲದಿಂದ ಒಂದು ಫಿಂಜಾನ್ ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಚಿದರು. ಕಾರು ಹೋಯಿತು. ಓಣಿಯಲ್ಲಿ ಯಾರದೋ ಆಡುಗಳು ಕಸದ ಡಬ್ಬಿಯ ಹತ್ತಿರ ನಿಂತು ನನ್ನನ್ನು ನೋಡುತ್ತಿದ್ದವು.

ಈಗ ಸಂಜೆ ದೀಪ ಹಚ್ಚುವಾಗ ನನ್ನ ಪ್ರಾರ್ಥನೆ ಮೊದಲಿನ ಹಾಗಿಲ್ಲ. ಮೊದಲು ಅದು ಬೇಡಿಕೆಗಳ ಮೆರವಣಿಗೆ. ಮಗಳಿಗೆ ಅದು ಕೊಡು, ನನಗೆ ಇದು ಕೊಡು. ಈಗ ಅಜ್ಜಿಯ ಆ ಒಂದೇ ಮಾತು. ನೀವು ಎನ್ನಲು ನಮ್ಮ ತುಳುವಿನಲ್ಲಿರುವ ಈರ್ ದೊಡ್ಡ ಮನಸ್ಸಿನ ಪದ. ಅಜ್ಜಿಗೂ ಅದೇ, ಗಂಡನಿಗೂ ಅದೇ, ದೈವಕ್ಕೂ ಅದೇ. ಯಾರಿಗೆ ಹೇಳಿದ್ದು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ, ಅವರವರೇ ಹಂಚಿಕೊಳ್ಳಲಿ. ಕಾಫಿ ಮಾಡಿಕೊಂಡು ಅದೇ ಫಿಂಜಾನಿನಲ್ಲಿ ಕುಡಿದು, ಅಲ್ಲಾಡಿಸಿ, ತೊಳೆದಿಡುತ್ತೇನೆ.

ದಿನಾ ಸುಲಭವಾಗಿ ಬರುತ್ತದೆ ಎಂದುಕೊಳ್ಳಬೇಡಿ. ಕೆಲವು ಸಂಜೆ ಆ ಮಾತು ಗಂಟಲಿನಿಂದ ಈಚೆಗೆ ಬರುವುದಿಲ್ಲ. ದೇವರಿಗೆ ಹಾಗೆ ಹೇಳುವುದು ಹೇಗೆ? ಏನೂ ಕಡಿಮೆ ಮಾಡಲಿಲ್ಲವಂತೆ! ಮನೆಯಲ್ಲಿ ಒಬ್ಬರನ್ನೇ ಕಡಿಮೆ ಮಾಡಿದ್ದಾನಲ್ಲ. ಅಂಥ ದಿನ ಸುಮ್ಮನೆ ಲೋಟ ಮಾತ್ರ ಅಲ್ಲಾಡಿಸುತ್ತೇನೆ. ಮನಸ್ಸು ಒಪ್ಪದಿದ್ದರೂ ಕೈಯಾದರೂ ಹೇಳಲಿ ಎಂದು.

ನಿನ್ನೆ ರಕ್ತಪರೀಕ್ಷೆಯ ಫಲ ಬಂತು. ಡಾಕ್ಟರ್ ನೋಡಿ, ಯಾವುದರ ಕೊರತೆಯೂ ಇಲ್ಲ ಎಂದರು. ನನಗೆ ಅಲ್ಲಿಯೇ ನಗು ಬಂತು, ಡಾಕ್ಟರಿಗೆ ನನ್ನ ತಲೆಯ ಮೇಲೆ ಅನುಮಾನ ಬಂದಿರಬೇಕು. ಸಂಜೆ ಮಗಳ ಫೋನು. ಕೊರತೆಯಿಲ್ಲದಿದ್ದರೆ ಕೈ ಯಾಕೆ ಹಾಗೆ ಅಲ್ಲಾಡಿತು ಎಂದು ಕೇಳಿದಳು. ಈ ಸಲ ಸುಳ್ಳು ಹೇಳಲಿಲ್ಲ. ನಿಮಗೆ ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ, ಬಾಣಲೆಯ ಎದುರು ಬೈದದ್ದನ್ನೂ, ಕಿವಿಯೊಳಗಿನ ಆ ದನಿಯನ್ನೂ. ಅವಳು ನಡುವೆ ಎಲ್ಲೂ ನಗಲಿಲ್ಲ. ತುಳು ಕೇಳಿದರೆ ಅರ್ಥವಾಗುತ್ತದೆ, ಆಡುವುದು ಕಷ್ಟ ಅವಳಿಗೆ. ಬಾಯಿ ತೆರೆದರೆ ಇಂಗ್ಲಿಷೇ. ಪದ ಹುಡುಕಿ ಹುಡುಕಿ ಹೇಳಿದಳು.

"ಈಲಾ ದಾಲಾ ಕಮ್ಮಿ ಮಲ್ತ್‌ಜ, ಅಮ್ಮ. ಪಪ್ಪನಿಗೂ."

ನೀನೂ ಏನೂ ಕಡಿಮೆ ಮಾಡಲಿಲ್ಲ. ಹೂಂ ಎಂದೆ. ಅವಳ ಮಗು ಎದ್ದು ಅತ್ತಿತು, ಆಮೇಲೆ ಮಾಡ್ತೇನೆ ಎಂದು ಫೋನು ಇಟ್ಟಳು. ಪರದೆಯಲ್ಲಿ ಅವಳ ಮುಖ ಹೋಗಿ ನನ್ನ ಅಡುಗೆಮನೆಯ ದೀಪ ಕಂಡಿತು. ಕೈಯಲ್ಲಿ ಫಿಂಜಾನ್ ಖಾಲಿಯಾಗಿತ್ತು. ನಿನ್ನೆ ಮಾತ್ರ ಅದನ್ನು ಅಲ್ಲಾಡಿಸಲಿಲ್ಲ. ಮೊದಲ ದಿನಗಳ ಹಾಗೆ, ಮುಂದೆ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತಿದ್ದೆ.